ಟಿಕೆಟ್ ಪ್ರಿಂಟರಿನಿಂದ ಇ-ಮೇಲ್ ಎಚ್ಚರಿಕೆ: ಕಾಗದ ಮುಗಿಯುವ ಮುನ್ನವೇ ತಿಳಿಯುವ ವ್ಯವಸ್ಥೆ

ಗ್ರಾಹಕನು ಹಣ ಕೊಟ್ಟ ಕ್ಷಣಕ್ಕೂ ಸರಕು ಅಥವಾ ಸೇವೆಯನ್ನು ಪಡೆಯುವ ಕ್ಷಣಕ್ಕೂ ನಡುವೆ ಒಂದು ಸಣ್ಣ ಕಾಗದದ ಚೀಟಿ ನಿಂತಿರುವ ಉದ್ಯಮಗಳು ರಾಜ್ಯದಲ್ಲಿ ಅನೇಕವಿವೆ. ದರ್ಶಿನಿ ಹೋಟೆಲಿನ ಟೋಕನ್, ಚಿತ್ರಮಂದಿರದ ಟಿಕೆಟ್, ದೇವಸ್ಥಾನದ ಸೇವಾ ಚೀಟಿ, ವಾಹನ ನಿಲುಗಡೆಯ ರಸೀದಿ, ವೇ ಬ್ರಿಡ್ಜಿನ ತೂಕದ ಚೀಟಿ ಇವೆಲ್ಲವೂ ಈ ವರ್ಗಕ್ಕೆ ಸೇರಿದವು. ಈ ಚೀಟಿಯನ್ನು ಹೊರಡಿಸುವ ಪ್ರಿಂಟರ್ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿರುವ ಅಂಗೈಯಗಲದ ಯಂತ್ರ. ಅದರ ಬೆಲೆ ಕಡಿಮೆಯಾದ್ದರಿಂದ ಅದರತ್ತ ಮಾಲೀಕರ ಗಮನವೂ ಕಡಿಮೆ. ಆದರೆ ಅದು ನಿಂತಲ್ಲಿ ವ್ಯಾಪಾರವೂ ನಿಲ್ಲುತ್ತದೆ ಎಂಬುದು ಬೆಳಗಿನ ಎಂಟೂವರೆಯ ಸಾಲಿನಲ್ಲಿ ನಿಂತ ಯಾವ ಗ್ರಾಹಕನಿಗಾದರೂ ತಿಳಿದ ವಿಷಯ.

ಇಂದು ಮಾರುಕಟ್ಟೆಯಲ್ಲಿ ದೊರೆಯುವ ಟಿಕೆಟ್ ಮತ್ತು ಲೇಬಲ್ ಪ್ರಿಂಟರ್‌ಗಳಲ್ಲಿ ಅನೇಕವು ನೆಟ್‌ವರ್ಕ್ ಸಂಪರ್ಕ ಹೊಂದಿರುತ್ತವೆ. ಅವುಗಳಲ್ಲಿ ಕೆಲವು, ಕಾಗದ ಕಡಿಮೆಯಾದಾಗ, ಕಾಗದ ಮುಗಿದಾಗ, ಮುಚ್ಚಳ ತೆರೆದಾಗ, ಕಟರ್ ಸಿಕ್ಕಿಕೊಂಡಾಗ ಅಥವಾ ಮುದ್ರಣದ ಹೆಡ್ ಅತಿಯಾಗಿ ಬಿಸಿಯಾದಾಗ ತಾವೇ ಇ-ಮೇಲ್ ಕಳುಹಿಸುವ ಸಾಮರ್ಥ್ಯವನ್ನು ಪಡೆದಿವೆ. ಜೀಬ್ರಾ ಕಂಪನಿಯ ನೆಟ್‌ವರ್ಕ್ ಪ್ರಿಂಟರ್‌ಗಳಲ್ಲಿ ಈ ಸೌಲಭ್ಯಕ್ಕೆ ಜೀಬ್ರಾನೆಟ್ ಅಲರ್ಟ್ ಎಂದು ಹೆಸರು. ಈ ಸೌಲಭ್ಯವಿರುವ ಯಂತ್ರವನ್ನು ಹಣ ಕೊಟ್ಟು ತಂದ ಬಹುಪಾಲು ವರ್ತಕರು ಅದನ್ನು ಬಳಕೆಗೆ ತರುವುದೇ ಇಲ್ಲ. ಪ್ರಿಂಟರ್ ಜೋಡಿಸಿಕೊಟ್ಟ ತಂತ್ರಜ್ಞನು ಪರೀಕ್ಷಾ ಚೀಟಿಯೊಂದನ್ನು ಹೊರಡಿಸಿ ಹೋದಲ್ಲಿಗೆ ಆ ಅಧ್ಯಾಯ ಮುಗಿದಿರುತ್ತದೆ.

ಸುರುಳಿಯ ಲೆಕ್ಕ

ವಿಷಯದ ಮಹತ್ವವನ್ನು ಒಂದು ಸಾಧಾರಣ ಲೆಕ್ಕದಿಂದ ತಿಳಿಯಬಹುದು. ಉದಾಹರಣೆಗಾಗಿ ದಿನಕ್ಕೆ 1,500 ಬಿಲ್ ಮಾಡುವ ದರ್ಶಿನಿಯೊಂದನ್ನು ತೆಗೆದುಕೊಳ್ಳೋಣ. ಜಿಎಸ್‌ಟಿ ನೋಂದಣಿ ಸಂಖ್ಯೆ, ತಿನಿಸುಗಳ ಹೆಸರು, ತೆರಿಗೆಯ ವಿವರ ಎಲ್ಲವೂ ಸೇರಿ ಒಂದು ಚೀಟಿ 15 ಸೆಂಟಿಮೀಟರ್ ಉದ್ದ ಬರುತ್ತದೆ ಎಂದು ಭಾವಿಸಿದರೆ, 50 ಮೀಟರಿನ ಒಂದು ಥರ್ಮಲ್ ಸುರುಳಿಯಲ್ಲಿ 333 ಚೀಟಿಗಳು ದೊರೆಯುತ್ತವೆ. ಅಂದರೆ ದಿನಕ್ಕೆ ನಾಲ್ಕೂವರೆ ಸುರುಳಿ ಬೇಕು. ಬೆಳಗಿನ ಮೂರು ಗಂಟೆಗಳಲ್ಲಿಯೇ 600 ಬಿಲ್ಲುಗಳಾಗುವುದಾದರೆ ಆ ಜನಜಂಗುಳಿಯ ನಡುವೆಯೇ ಕನಿಷ್ಠ ಒಮ್ಮೆ, ಅನೇಕ ದಿನ ಎರಡು ಬಾರಿ ಸುರುಳಿ ಮುಗಿಯುವುದು ನಿಶ್ಚಿತ. ಇದನ್ನು ಆಕಸ್ಮಿಕವೆನ್ನಲಾಗದು. ಗ್ಯಾಸ್ ಸಿಲಿಂಡರ್ ಖಾಲಿಯಾಗುವುದನ್ನು ಮೊದಲೇ ಲೆಕ್ಕ ಹಾಕಿ ಬದಲಿ ಸಿಲಿಂಡರನ್ನು ಸಿದ್ಧವಾಗಿಡುವ ಮಾಲೀಕರೇ ಕಾಗದದ ಸುರುಳಿಯ ವಿಷಯದಲ್ಲಿ ದೈವದ ಮೇಲೆ ಭಾರ ಹಾಕುವುದು ವಿಚಿತ್ರ.

ಉತ್ತಮ ದರ್ಜೆಯ ಪ್ರಿಂಟರ್‌ಗಳಲ್ಲಿ ಎರಡು ಬಗೆಯ ಸೆನ್ಸರ್‌ಗಳಿರುತ್ತವೆ. ಒಂದು, ಕಾಗದ ಪೂರ್ಣ ಮುಗಿದುದನ್ನು ತಿಳಿಸುವಂಥದು. ಇನ್ನೊಂದು, ಸುರುಳಿಯ ಪಕ್ಕಕ್ಕೆ ತಾಗಿಕೊಂಡಿದ್ದು ಅದರ ವ್ಯಾಸ ಒಂದು ಮಿತಿಗಿಂತ ಕಡಿಮೆಯಾದಾಗ ಕಾಗದ ಮುಗಿಯುತ್ತಾ ಬಂದಿದೆ ಎಂದು ತಿಳಿಸುವಂಥದು. ಎರಡನೆಯದೇ ವ್ಯಾಪಾರಕ್ಕೆ ಬೇಕಾದುದು. ಸುರುಳಿಯ ಒಳಗಿನ ಕೊಳವೆಯ ಹೊರವ್ಯಾಸ 18 ಮಿಲಿಮೀಟರ್ ಇದ್ದು, ಸುರುಳಿ 27 ಮಿಲಿಮೀಟರಿಗೆ ಇಳಿದಾಗ ಸೆನ್ಸರ್ ಎಚ್ಚರಿಸುತ್ತದೆ ಎಂದಿಟ್ಟುಕೊಳ್ಳೋಣ. ಕಾಗದದ ದಪ್ಪ 65 ಮೈಕ್ರಾನ್ ಆದರೆ ಆಗ ಉಳಿದಿರುವುದು ಸುಮಾರು 5 ಮೀಟರ್, ಅಂದರೆ ಮೂವತ್ತೆರಡು ಮೂವತ್ಮೂರು ಚೀಟಿಗಳಿಗೆ ಸಾಲುವಷ್ಟು. ಗಂಟೆಗೆ 200 ಬಿಲ್ ಆಗುವ ವೇಳೆಯಲ್ಲಿ ಇದು ಸುಮಾರು ಹತ್ತು ನಿಮಿಷದ ಅವಕಾಶ. ಹಿಂದಿನ ಕೋಣೆಯಿಂದ ಹುಡುಗನೊಬ್ಬ ಸುರುಳಿ ತಂದು ಕ್ಯಾಷಿಯರ್ ಕೈಗಿಡಲು ಹತ್ತು ನಿಮಿಷ ಧಾರಾಳವಾಗಿ ಸಾಕು. ಅನೇಕ ಮಾದರಿಗಳಲ್ಲಿ ಈ ಸೆನ್ಸರಿನ ಸ್ಥಾನವನ್ನು ಹೊಂದಿಸಿಕೊಳ್ಳಬಹುದು. ಕೊಳವೆಯ ಗಾತ್ರ ಬೇರೆಯಾದ ಸುರುಳಿಗಳನ್ನು ಕೊಂಡಾಗ ಅದನ್ನು ಮತ್ತೊಮ್ಮೆ ಹೊಂದಿಸದಿದ್ದರೆ ಎಚ್ಚರಿಕೆ ತೀರ ಬೇಗ ಅಥವಾ ತೀರ ತಡವಾಗಿ ಬರುತ್ತದೆ. ಅಗ್ಗದ ಪ್ರಿಂಟರ್‌ಗಳಲ್ಲಿ ಈ ಎರಡನೆಯ ಸೆನ್ಸರೇ ಇರುವುದಿಲ್ಲ. ಅಂಥವು ಮುಗಿದ ಮೇಲೆ ಮುಗಿಯಿತು ಎಂದಷ್ಟೇ ಹೇಳಬಲ್ಲವು.

ಹಣ ಎಲ್ಲಿ ತಪ್ಪುತ್ತದೆ

ಕಾಗದ ಮುಗಿದಾಗ ಸಾಲು ನಿಲ್ಲುವುದು ಕಣ್ಣಿಗೆ ಕಾಣುವ ನಷ್ಟ. ಲೆಕ್ಕಪತ್ರದ ದೃಷ್ಟಿಯಿಂದ ಅದಕ್ಕಿಂತ ಗಂಭೀರವಾದುದು ಕಣ್ಣಿಗೆ ಕಾಣದ ನಷ್ಟ. ಕ್ಯಾಷಿಯರ್ ಬಿಲ್ ಮಾಡಿ ಹಣ ತೆಗೆದುಕೊಂಡಿರುತ್ತಾನೆ. ಸಾಫ್ಟ್‌ವೇರಿನಲ್ಲಿ ಬಿಲ್ ದಾಖಲಾಗಿರುತ್ತದೆ. ಆದರೆ ಚೀಟಿ ಬರುವುದಿಲ್ಲ. ಸಾಲಿನಲ್ಲಿ ನಿಂತವರು ಗದರುತ್ತಿರುವಾಗ ಆತನು ಹೊಸ ಸುರುಳಿ ಹಾಕಿ, ಮರುಮುದ್ರಣದ ಗುಂಡಿ ಹುಡುಕುವ ಬದಲು ಅದೇ ತಿನಿಸುಗಳಿಗೆ ಮತ್ತೊಂದು ಬಿಲ್ ಮಾಡಿಬಿಡುತ್ತಾನೆ. ಹಣ ಬಂದದ್ದು ಒಮ್ಮೆ, ಬಿಲ್ಲಾದದ್ದು ಎರಡು ಬಾರಿ. ಇಂತಹ ಎಂಟು ಬಿಲ್ಲುಗಳು, ಸರಾಸರಿ 80 ರೂಪಾಯಿಯಂತೆ, ಆ ದಿನ ಸಂಜೆ 640 ರೂಪಾಯಿಯ ಕೊರತೆಯಾಗಿ ಕಾಣಿಸಿಕೊಳ್ಳುತ್ತವೆ. ಅದರ ಮೇಲೆ, ಆಗಿಲ್ಲದ ಮಾರಾಟಕ್ಕೆ ಮಾಲೀಕರು ಜಿಎಸ್‌ಟಿಯನ್ನೂ ಕಟ್ಟುತ್ತಾರೆ.

ಇದರ ಇನ್ನೊಂದು ಮುಖವೂ ಇದೆ. ಕಾಗದ ಮುಗಿದಾಗ ಅನೇಕ ಪ್ರಿಂಟರ್‌ಗಳಲ್ಲಿ ಅಥವಾ ಕಂಪ್ಯೂಟರಿನ ಮುದ್ರಣ ಸಾಲಿನಲ್ಲಿ ಹಿಂದಿನ ಚೀಟಿಗಳು ಕಾದು ಕುಳಿತಿರುತ್ತವೆ. ಹೊಸ ಸುರುಳಿ ಹಾಕಿದೊಡನೆ ಅವು ಒಂದರ ಹಿಂದೊಂದು ಹೊರಬರುತ್ತವೆ. ಅಷ್ಟರಲ್ಲಿ ಕ್ಯಾಷಿಯರ್ ಮರುಮುದ್ರಣವನ್ನೂ ಕೊಟ್ಟಿದ್ದರೆ ಒಂದೇ ಬಿಲ್ಲಿಗೆ ಎರಡು ಚೀಟಿಗಳು ಸಿದ್ಧ. ಒಂದು ಗ್ರಾಹಕನ ಕೈಗೆ, ಇನ್ನೊಂದು ಯಾರ ಕೈಗೆ ಎಂಬುದು ಆ ದಿನದ ಪ್ರಾಮಾಣಿಕತೆಯನ್ನು ಅವಲಂಬಿಸಿರುತ್ತದೆ. ದೋಸೆ ಕೌಂಟರಿನಲ್ಲಿರುವವರಿಗೆ ಚೀಟಿಯೇ ಪ್ರಮಾಣ. ಅವರು ಕೇಳುವುದು ಚೀಟಿಯನ್ನು ಮಾತ್ರ. ಮೂರನೆಯ ಸಾಧ್ಯತೆ ಎಲ್ಲಕ್ಕಿಂತ ಹಳೆಯದು: ಪ್ರಿಂಟರ್ ಕೆಟ್ಟಿದೆ ಎಂದು ಹೇಳಿ ಸಿಗರೇಟ್ ಪೊಟ್ಟಣದ ಹಿಂಬದಿಯಲ್ಲಿ ‘2 ಇಡ್ಲಿ, 1 ಕಾಫಿ’ ಎಂದು ಬರೆದುಕೊಟ್ಟು ಹಣವನ್ನು ಬಿಲ್ಲಿಲ್ಲದೆ ತೆಗೆದುಕೊಳ್ಳುವುದು. ಪ್ರಿಂಟರ್ ನಿಜವಾಗಿಯೂ ಎಷ್ಟು ಹೊತ್ತು ನಿಂತಿತ್ತು ಎಂಬ ದಾಖಲೆ ಇಲ್ಲದ ಕಡೆ ಈ ಮೂರನ್ನೂ ಒಂದರಿಂದ ಒಂದನ್ನು ಬೇರ್ಪಡಿಸಲು ಸಾಧ್ಯವಿಲ್ಲ.

ಇ-ಮೇಲ್ ಎಚ್ಚರಿಕೆಯ ಪ್ರಯೋಜನ ಇಲ್ಲಿಯೇ ಇದೆ. ಅದು ಕಾಗದ ತರಿಸುವ ಕರೆಗಂಟೆಯೂ ಹೌದು, ಘಟನೆ ನಡೆದ ಕ್ಷಣದಲ್ಲಿಯೇ ಮೂರನೆಯವರ ಅಂಚೆಪೆಟ್ಟಿಗೆಯಲ್ಲಿ ಬಿದ್ದ ದಾಖಲೆಯೂ ಹೌದು. 8.52ಕ್ಕೆ ಕಾಗದ ಕಡಿಮೆ, 9.04ಕ್ಕೆ ಕಾಗದ ಇಲ್ಲ, 9.07ಕ್ಕೆ ಸರಿಹೋಯಿತು ಎಂಬ ಮೂರು ಸಂದೇಶಗಳನ್ನು ಸಾಫ್ಟ್‌ವೇರಿನ ಬಿಲ್ ಪಟ್ಟಿಯ ಪಕ್ಕದಲ್ಲಿಟ್ಟರೆ, ಆ ಎಂಟು ಜೋಡಿ ಬಿಲ್ಲುಗಳು 9.03ರಿಂದ 9.09ರೊಳಗೆ ಆಗಿವೆಯೇ ಎಂಬುದು ತಕ್ಷಣ ತಿಳಿಯುತ್ತದೆ. ಆಗಿದ್ದರೆ ಅದು ಗಡಿಬಿಡಿಯ ತಪ್ಪಿರಬಹುದು. ಮಧ್ಯಾಹ್ನ ಮೂರಕ್ಕೆ, ಪ್ರಿಂಟರ್ ಸುಸ್ಥಿತಿಯಲ್ಲಿದ್ದಾಗ ಆಗಿದ್ದರೆ ಅದಕ್ಕೆ ಬೇರೆ ವಿವರಣೆ ಬೇಕಾಗುತ್ತದೆ.

ಜೋಡಣೆಯ ಕ್ರಮ

ವ್ಯವಸ್ಥೆಯನ್ನು ಅಳವಡಿಸಲು ಇಂಜಿನಿಯರ್ ಆಗಿರಬೇಕಾದ ಅಗತ್ಯವಿಲ್ಲ. ಆದರೆ ಕ್ರಮ ತಪ್ಪಿದರೆ ಅರ್ಧ ದಿನ ವ್ಯರ್ಥವಾಗುತ್ತದೆ. ಮೊದಲನೆಯದಾಗಿ ಪ್ರಿಂಟರಿಗೆ ನೆಟ್‌ವರ್ಕಿನಲ್ಲಿ ಬದಲಾಗದ ವಿಳಾಸವೊಂದನ್ನು ಗೊತ್ತುಮಾಡಬೇಕು. ರೂಟರಿನಲ್ಲಿಯೇ ಆ ಪ್ರಿಂಟರಿಗೆಂದು ಒಂದು ಐಪಿ ವಿಳಾಸವನ್ನು ಕಾಯ್ದಿರಿಸುವುದು ಸುಲಭದ ಮಾರ್ಗ. ಬಳಿಕ ಅದೇ ನೆಟ್‌ವರ್ಕಿನಲ್ಲಿರುವ ಕಂಪ್ಯೂಟರಿನ ಬ್ರೌಸರಿನಲ್ಲಿ ಆ ವಿಳಾಸವನ್ನು ಬರೆದರೆ ಪ್ರಿಂಟರಿನ ಸ್ವಂತ ಪುಟ ತೆರೆದುಕೊಳ್ಳುತ್ತದೆ. ಅದು ಪಾಸ್‌ವರ್ಡ್ ಕೇಳುತ್ತದೆ. ತಯಾರಕರು ಇಟ್ಟುಕಳುಹಿಸಿದ ಪಾಸ್‌ವರ್ಡ್ 1234ರಂತಹ, ಕೈಪಿಡಿಯಲ್ಲಿ ಎಲ್ಲರಿಗೂ ಕಾಣುವಂಥದು. ಬೇರೆ ಯಾವುದೇ ಕೆಲಸಕ್ಕೆ ಮುನ್ನ ಅದನ್ನು ಬದಲಿಸಿ, ಹೊಸದನ್ನು ಮಾಲೀಕರ ಬಳಿ ಲಿಖಿತವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಪ್ರಿಂಟರ್ ಪೂರೈಸಿದವನ ನೆನಪಿನಲ್ಲಿ ಮಾತ್ರ ಇರುವ ಪಾಸ್‌ವರ್ಡ್ ಆತನು ಊರು ಬಿಟ್ಟ ದಿನ ಇಲ್ಲವಾಗುತ್ತದೆ.

ಎಚ್ಚರಿಕೆಯ ಭಾಗದಲ್ಲಿ ಕೇಳುವ ವಿವರಗಳು ಕೆಲವೇ: ಇ-ಮೇಲ್ ಕಳುಹಿಸುವ ಸರ್ವರಿನ ಹೆಸರು, ಪೋರ್ಟ್ ಸಂಖ್ಯೆ, ಕಳುಹಿಸುವವರ ವಿಳಾಸ, ಪಡೆಯುವವರ ವಿಳಾಸ, ಯಾವ ಯಾವ ಸಂದರ್ಭಕ್ಕೆ ಸಂದೇಶ ಬೇಕು ಎಂಬ ಪಟ್ಟಿ. ಇವನ್ನೆಲ್ಲ ಸರಿಯಾಗಿ ತುಂಬಿದ ಮೇಲೆಯೂ ಸಂದೇಶ ಹೋಗದಿದ್ದರೆ ಹೆಚ್ಚಿನ ಸಲ ಕಾರಣ ಬೇರೊಂದು ಪುಟದಲ್ಲಿರುತ್ತದೆ. ಗೇಟ್‌ವೇ ವಿಳಾಸವನ್ನು ತುಂಬದೆ ಬಿಟ್ಟಿದ್ದರೆ ಪ್ರಿಂಟರಿಗೆ ಅಂಗಡಿಯಿಂದ ಹೊರಗೆ ಹೋಗುವ ದಾರಿಯೇ ತಿಳಿದಿರುವುದಿಲ್ಲ. ಡಿಎನ್‌ಎಸ್ ವಿಳಾಸ ಇಲ್ಲದಿದ್ದರೆ ಸರ್ವರಿನ ಹೆಸರು ಅದಕ್ಕೆ ಅರ್ಥವಾಗುವುದಿಲ್ಲ. ಚೀಟಿ ಮುದ್ರಿಸಲು ಇವೆರಡರ ಅಗತ್ಯವಿಲ್ಲದ ಕಾರಣ, ವರ್ಷಗಟ್ಟಲೆ ಚೆನ್ನಾಗಿ ಮುದ್ರಿಸುತ್ತಿರುವ ಯಂತ್ರದಲ್ಲಿಯೂ ಇವು ಖಾಲಿಯಾಗಿಯೇ ಇರುವುದುಂಟು.

ಯಾವ ಸಂದರ್ಭಗಳನ್ನು ಆರಿಸಬೇಕೆಂಬುದರಲ್ಲಿ ಮಿತವ್ಯಯ ಬೇಕು. ಎಲ್ಲ ಚೌಕಗಳಿಗೂ ಗುರುತು ಹಾಕಿದರೆ ಪ್ರತಿ ಬಾರಿ ಮುಚ್ಚಳ ತೆರೆದಾಗಲೂ ಸಂದೇಶ ಬಂದು, ಒಂದು ವಾರದಲ್ಲಿ ಯಾರೂ ಅವನ್ನು ಓದದಂತಾಗುತ್ತದೆ. ಕಾಗದ ಕಡಿಮೆ, ಕಾಗದ ಇಲ್ಲ, ಕಟರ್ ದೋಷ, ಹೆಡ್ ಬಿಸಿ, ಪ್ರಿಂಟರ್ ಹೊತ್ತಿಕೊಂಡಿತು ಇಷ್ಟು ಸಾಕು. ಸ್ಥಿತಿ ಸರಿಹೋದಾಗಲೂ ಸಂದೇಶ ಕಳುಹಿಸು ಎಂಬ ಆಯ್ಕೆ ಇದ್ದರೆ ಅದನ್ನು ಬಿಡಬಾರದು. ಮೇಲೆ ಹೇಳಿದ 9.07ರ ಸಂದೇಶ ಬರುವುದು ಅದರಿಂದಲೇ. ಪ್ರಿಂಟರಿಗೆ ಕಾರ್ಖಾನೆ ಇಟ್ಟ ಅಂಕಿಗಳ ಹೆಸರನ್ನು ತೆಗೆದು ಶಾಖೆಯ ಮತ್ತು ಕೌಂಟರಿನ ಹೆಸರನ್ನು ಕೊಡಬೇಕು. ಮೂರು ಶಾಖೆಗಳಿರುವ ಮಾಲೀಕರಿಗೆ ಎಲ್ಲೋ ಕಾಗದ ಮುಗಿದಿದೆ ಎಂದು ತಿಳಿದರೆ ಉಪಯೋಗವಿಲ್ಲ.

ಸಂದೇಶವು ಮಾಲೀಕರ ಸ್ವಂತ ವಿಳಾಸಕ್ಕೆ ಮಾತ್ರ ಹೋಗುವಂತೆ ಮಾಡುವುದು ಸಾಮಾನ್ಯ ತಪ್ಪು. ಅವರು ಮದುವೆಯ ಮನೆಯಲ್ಲಿದ್ದರೆ ಕಾಗದ ಹಾಕುವವರಾರು? ಪಾಳಿಯ ಸೂಪರ್‌ವೈಸರಿನ ಫೋನಿಗೂ, ಲೆಕ್ಕಪತ್ರ ವಿಭಾಗದ ಒಂದು ಪ್ರತ್ಯೇಕ ಅಂಚೆಪೆಟ್ಟಿಗೆಗೂ ಒಟ್ಟಿಗೆ ಹೋಗುವಂತಿರಬೇಕು. ಮೊದಲನೆಯದು ಕ್ರಮಕ್ಕಾಗಿ, ಎರಡನೆಯದು ದಾಖಲೆಗಾಗಿ. ಎರಡನೆಯದರಲ್ಲಿ ಅಳಿಸುವ ಅಧಿಕಾರ ಗಲ್ಲಾಪೆಟ್ಟಿಗೆಯ ಸಿಬ್ಬಂದಿಗೆ ಇರಬಾರದು.

ಅಂಚೆ ಕಳುಹಿಸಲು ಎದುರಾಗುವ ತೊಡಕು

ಇ-ಮೇಲ್ ರವಾನೆಯ ನಿಯಮಾವಳಿಯಾದ ಎಸ್‌ಎಂಟಿಪಿ ರೂಪುಗೊಂಡದ್ದು 1982ರಲ್ಲಿ. ಆಗ ಅದರಲ್ಲಿ ಪಾಸ್‌ವರ್ಡಿಗೂ ಗೂಢಲಿಪಿಗೂ ಸ್ಥಾನವಿರಲಿಲ್ಲ. ಹಳೆಯ ಪ್ರಿಂಟರ್‌ಗಳು ಈ ಸರಳ ರೂಪವನ್ನೇ ಬಲ್ಲವು, 25ನೆಯ ಪೋರ್ಟಿನಲ್ಲಿ ನೇರವಾಗಿ ಮಾತನಾಡುತ್ತವೆ. ಆದರೆ ಲೋಕ ಬದಲಾಗಿದೆ. ಕಸದ ಅಂಚೆಯ ಹಾವಳಿಯಿಂದ ಅನೇಕ ಇಂಟರ್ನೆಟ್ ಸಂಸ್ಥೆಗಳು 25ನೆಯ ಪೋರ್ಟನ್ನು ಮುಚ್ಚಿವೆ. ಅಂಚೆ ಸೇವೆಗಳು 587 ಅಥವಾ 465ನೆಯ ಪೋರ್ಟಿನಲ್ಲಿ, ಪಾಸ್‌ವರ್ಡ್ ಸಹಿತ, ಟಿಎಲ್‌ಎಸ್ ಎಂಬ ಗೂಢಲಿಪಿ ವಿಧಾನದಲ್ಲಿಯೇ ಬರಬೇಕೆನ್ನುತ್ತವೆ. ಈ ವಿಧಾನದ 1.0 ಮತ್ತು 1.1 ಆವೃತ್ತಿಗಳನ್ನು 2021ರ ಮಾರ್ಚಿನಲ್ಲಿ ಅಧಿಕೃತವಾಗಿ ಕೈಬಿಡಲಾಯಿತು. ಹಳೆಯ ಪ್ರಿಂಟರಿಗೆ ಅವೆರಡೇ ತಿಳಿದಿದ್ದರೆ ಬಾಗಿಲು ತೆರೆಯುವುದಿಲ್ಲ. 2022ರ ಮೇ 30ರಿಂದ ಗೂಗಲ್ ಸಂಸ್ಥೆಯು ವೈಯಕ್ತಿಕ ಜಿಮೇಲ್ ಖಾತೆಗಳಲ್ಲಿ ಕೇವಲ ಸಾಮಾನ್ಯ ಪಾಸ್‌ವರ್ಡಿನಿಂದ ಇಂತಹ ಯಂತ್ರಗಳು ಪ್ರವೇಶಿಸುವುದನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ಸಂಸ್ಥೆಯು ಔಟ್‌ಲುಕ್‌ನ ವೈಯಕ್ತಿಕ ಖಾತೆಗಳಿಗೆ 2024ರ ಸೆಪ್ಟೆಂಬರಿನಲ್ಲಿ ಇದೇ ಹಾದಿ ಹಿಡಿಯಿತು. ಅನೇಕ ವರ್ಷ ನಿರಾತಂಕವಾಗಿ ಬರುತ್ತಿದ್ದ ಎಚ್ಚರಿಕೆಗಳು ಒಂದು ದಿನ ಸದ್ದಿಲ್ಲದೆ ನಿಂತುಹೋದ ಅಂಗಡಿಗಳಲ್ಲಿ ಕಾರಣ ಬಹುಮಟ್ಟಿಗೆ ಇದೇ.

ಪರಿಹಾರಗಳು ಎರಡು. ಪ್ರಿಂಟರಿಗೆ ಹೊಸ ಟಿಎಲ್‌ಎಸ್ ತಿಳಿದಿದ್ದರೆ, ಎಚ್ಚರಿಕೆಗೆಂದೇ ಪ್ರತ್ಯೇಕ ಜಿಮೇಲ್ ಖಾತೆ ತೆರೆದು, ಎರಡು ಹಂತದ ದೃಢೀಕರಣವನ್ನು ಚಾಲನೆಗೊಳಿಸಿ, ಬಳಿಕ ಗೂಗಲ್ ಕೊಡುವ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡನ್ನು ಪ್ರಿಂಟರಿನಲ್ಲಿ ತುಂಬಬಹುದು. ಮಾಲೀಕರ ಬ್ಯಾಂಕ್ ವ್ಯವಹಾರಕ್ಕೆ ಬಳಕೆಯಾಗುವ ಖಾತೆಯ ಪಾಸ್‌ವರ್ಡನ್ನು ಗಲ್ಲಾಪೆಟ್ಟಿಗೆಯ ಪಕ್ಕದ ಯಂತ್ರದಲ್ಲಿ ಇಡುವುದು ಯಾವ ಕಾರಣಕ್ಕೂ ಸಲ್ಲದು. ಪ್ರಿಂಟರ್ ಹಳೆಯದಾಗಿದ್ದರೆ, ಅಂಗಡಿಯ ಕಂಪ್ಯೂಟರೊಂದರಲ್ಲಿ ಸಣ್ಣ ಅಂಚೆ ಮಧ್ಯವರ್ತಿ ತಂತ್ರಾಂಶವನ್ನು ಕೂರಿಸಬೇಕಾಗುತ್ತದೆ. ಪ್ರಿಂಟರ್ ತನ್ನ ಹಳೆಯ ಭಾಷೆಯಲ್ಲಿ ಅದಕ್ಕೆ ಸಂದೇಶ ಕೊಡುತ್ತದೆ, ಅದು ಹೊಸ ರೀತಿಯಲ್ಲಿ ಹೊರಗೆ ಕಳುಹಿಸುತ್ತದೆ. ಈ ಮಧ್ಯವರ್ತಿಯು ಅಂಗಡಿಯೊಳಗಿನ ಪ್ರಿಂಟರ್‌ಗಳ ವಿಳಾಸದಿಂದ ಮಾತ್ರ ಸಂದೇಶ ಸ್ವೀಕರಿಸುವಂತಿರಬೇಕು. ಇಂಟರ್ನೆಟ್ಟಿಗೆ ತೆರೆದಿಟ್ಟರೆ ಲೋಕದ ಕಸದ ಅಂಚೆಯೆಲ್ಲ ಆ ಅಂಗಡಿಯ ಹೆಸರಿನಲ್ಲಿ ಹೊರಡುತ್ತದೆ.

ಇ-ಮೇಲ್ ಸೌಲಭ್ಯವೇ ಇಲ್ಲದ ಪ್ರಿಂಟರ್ ಉಳ್ಳವರೂ ನಿರಾಶರಾಗಬೇಕಿಲ್ಲ. ಎಪ್ಸನ್ ಕಂಪನಿ ರೂಪಿಸಿದ, ಇತರ ಅನೇಕ ತಯಾರಕರೂ ಅನುಸರಿಸುವ ಇಎಸ್‌ಸಿ-ಪಿಒಎಸ್ ಎಂಬ ಆಜ್ಞಾಭಾಷೆಯಲ್ಲಿ ಪ್ರಿಂಟರಿನ ಸ್ಥಿತಿಯನ್ನು ಕೇಳುವ ಆಜ್ಞೆಗಳಿವೆ. ಬಿಲ್ಲಿಂಗ್ ಸಾಫ್ಟ್‌ವೇರ್ ಅದನ್ನು ಆಗಾಗ ಕೇಳಿ, ಕಾಗದ ಕಡಿಮೆಯಾದಾಗ ತಾನೇ ಇ-ಮೇಲ್ ಕಳುಹಿಸಬಲ್ಲದು. ಸಾಫ್ಟ್‌ವೇರ್ ಮಾರಿದವರನ್ನು ಕೇಳಿದರೆ ಮಾಡಿಕೊಡುವರು. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಮೌನಕ್ಕೆ ಎರಡು ಅರ್ಥ

ಕರೆಂಟ್ ಹೋದ ಪ್ರಿಂಟರ್ ತಾನು ಸತ್ತಿದ್ದೇನೆಂದು ಪತ್ರ ಬರೆಯಲಾರದು. ಸಂದೇಶ ಬಾರದಿರುವುದು ಎಲ್ಲವೂ ಸರಿಯಾಗಿದೆ ಎಂಬುದಕ್ಕೂ, ಯಾವುದೂ ಕೆಲಸ ಮಾಡುತ್ತಿಲ್ಲ ಎಂಬುದಕ್ಕೂ ಸಮನಾದ ಲಕ್ಷಣ. ಆದ್ದರಿಂದ ಬಿಲ್ಲಿಂಗ್ ಕಂಪ್ಯೂಟರೇ ಕೆಲವು ನಿಮಿಷಗಳಿಗೊಮ್ಮೆ ಪ್ರತಿ ಪ್ರಿಂಟರನ್ನು ಮಾತನಾಡಿಸಿ, ಉತ್ತರ ಬಾರದಿದ್ದಲ್ಲಿ ತಾನೇ ಸಂದೇಶ ಕಳುಹಿಸುವ ಏರ್ಪಾಡು ಜೊತೆಗಿರಬೇಕು. ಯುಪಿಎಸ್ ವಿಷಯವೂ ಇಲ್ಲಿ ಪ್ರಸ್ತುತ. ಪ್ರಿಂಟರನ್ನೂ ಕಂಪ್ಯೂಟರನ್ನೂ ಯುಪಿಎಸ್‌ಗೆ ಜೋಡಿಸಿ, ರೂಟರನ್ನೂ ಅದರ ಮುಂದಿನ ನೆಟ್‌ವರ್ಕ್ ಸ್ವಿಚ್ಚನ್ನೂ ಗೋಡೆಯ ಪ್ಲಗ್ಗಿಗೇ ಬಿಟ್ಟಿರುವ ಅಂಗಡಿಗಳು ಎಷ್ಟೋ ಇವೆ. ವಿದ್ಯುತ್ ಕಡಿತದ ವೇಳೆ ಅಲ್ಲಿ ದೀಪಗಳು ಹೊಳೆಯುತ್ತಿರುತ್ತವೆ, ಆದರೆ ಚೀಟಿಯೂ ಬಾರದು, ಎಚ್ಚರಿಕೆಯೂ ಹೋಗದು.

ತಿಂಗಳ ಮೊದಲ ದಿನ, ಅಂಗಡಿ ತೆರೆಯುವ ಮುನ್ನ, ಸುರುಳಿಯನ್ನು ಹೊರತೆಗೆದು ಎಷ್ಟು ಹೊತ್ತಿಗೆ ಸಂದೇಶ ಬಂತೆಂದು ಗಡಿಯಾರ ನೋಡುವುದಕ್ಕಿಂತ ಉತ್ತಮವಾದ ಪರೀಕ್ಷೆ ಬೇರೊಂದಿಲ್ಲ. ಇ-ಮೇಲ್ ಸಾಮಾನ್ಯವಾಗಿ ಕೆಲವೇ ಕ್ಷಣಗಳಲ್ಲಿ ಬಂದರೂ ಇಂತಿಷ್ಟೇ ವೇಳೆಯಲ್ಲಿ ತಲುಪುವ ಖಾತರಿ ಅದಕ್ಕಿಲ್ಲ. ಹಾಗಾಗಿ ಕೌಂಟರಿನಲ್ಲಿ ಕುಳಿತವರಿಗೆ ಪ್ರಿಂಟರಿನ ಬಝರ್ ಅಥವಾ ಕೆಂಪು ದೀಪವೇ ಮುಖ್ಯ, ಇ-ಮೇಲ್ ದೂರದಲ್ಲಿರುವವರಿಗೆ. ಒಂದು ಪ್ರಿಂಟರಿಗಾಗಿ, ಮಾಲೀಕರೇ ಗಲ್ಲಾಪೆಟ್ಟಿಗೆಯಲ್ಲಿ ಕೂರುವ ಸಣ್ಣ ಅಂಗಡಿಗೆ ಇಷ್ಟೆಲ್ಲ ಏರ್ಪಾಡು ಅನಾವಶ್ಯಕ ಎಂದೇ ಹೇಳಬೇಕು. ಅಲ್ಲಿ ಮೇಜಿನ ಡ್ರಾಯರಿನಲ್ಲಿ ಎರಡು ಹೆಚ್ಚುವರಿ ಸುರುಳಿಗಳಿದ್ದರೆ ಸಾಕು.

ಸಮಯದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅನೇಕ ಪ್ರಿಂಟರ್‌ಗಳಲ್ಲಿ ಗಡಿಯಾರವಿರುವುದಿಲ್ಲ. ಇರುವವುಗಳಲ್ಲಿಯೂ ಭಾರತೀಯ ಕಾಲಮಾನವನ್ನು ಗೊತ್ತುಪಡಿಸದಿದ್ದರೆ 9.04ರ ಘಟನೆ 3.34 ಎಂದು ದಾಖಲಾಗುತ್ತದೆ. ಐದೂವರೆ ಗಂಟೆಯ ಈ ಅಂತರವನ್ನು ಗಮನಿಸದೆ ಬಿಲ್ ಪಟ್ಟಿಯೊಡನೆ ಹೋಲಿಸಹೊರಟರೆ ನಿರಪರಾಧಿಯ ಮೇಲೆ ಸಂಶಯ ಬರುತ್ತದೆ. ಪ್ರಿಂಟರ್ ಬರೆದ ವೇಳೆಗಿಂತ ಅಂಚೆಪೆಟ್ಟಿಗೆ ಸ್ವೀಕರಿಸಿದ ವೇಳೆಯನ್ನೇ ಆಧಾರವಾಗಿ ಹಿಡಿಯುವುದು ಕ್ಷೇಮ.

ನೆಟ್‌ವರ್ಕ್ ಪ್ರಿಂಟರ್‌ಗಳು ಸಾಮಾನ್ಯವಾಗಿ 9100ನೆಯ ಪೋರ್ಟಿನಲ್ಲಿ ಯಾರು ಏನು ಕಳುಹಿಸಿದರೂ ಕೇಳದೆ ಮುದ್ರಿಸುತ್ತವೆ. 2017ರ ಫೆಬ್ರುವರಿಯಲ್ಲಿ ಅಜ್ಞಾತ ಹ್ಯಾಕರ್ ಒಬ್ಬನು ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ರಿಂಟರ್‌ಗಳಲ್ಲಿ ತನ್ನ ಸಂದೇಶ ಮುದ್ರಿಸಿದೆನೆಂದು ಹೇಳಿಕೊಂಡನು. ಅಂಗಡಿಗಳ ರಸೀದಿ ಪ್ರಿಂಟರ್‌ಗಳೂ ಅವುಗಳಲ್ಲಿದ್ದವು. ಅಷ್ಟು ದೂರ ಹೋಗುವುದೂ ಬೇಡ. ಗ್ರಾಹಕರಿಗೆ ಉಚಿತವಾಗಿ ಕೊಟ್ಟ ವೈ-ಫೈ ಮತ್ತು ಅಡುಗೆಮನೆಯ ಟಿಕೆಟ್ ಪ್ರಿಂಟರ್ ಒಂದೇ ನೆಟ್‌ವರ್ಕಿನಲ್ಲಿದ್ದರೆ, ಸ್ವಲ್ಪ ತಿಳಿವಳಿಕೆಯುಳ್ಳ ತರುಣನು ಮೇಜಿನಲ್ಲಿ ಕುಳಿತೇ ತನಗೆ ಬೇಕಾದ ಆರ್ಡರನ್ನು ಹಣ ಕೊಡದೆ ಮುದ್ರಿಸಿಕೊಳ್ಳಬಹುದು. ಇ-ಮೇಲ್ ಎಚ್ಚರಿಕೆಗಾಗಿ ಪ್ರಿಂಟರಿಗೆ ಹೊರಹೋಗುವ ದಾರಿ ಕೊಡುವಾಗ ಹೊರಗಿನಿಂದ ಒಳಬರುವ ದಾರಿಯನ್ನು ಮುಚ್ಚಿಯೇ ಇಡಬೇಕು, ಗ್ರಾಹಕರ ವೈ-ಫೈಯನ್ನು ಬೇರ್ಪಡಿಸಬೇಕು.

ಕೊರತೆ ಯಾರ ಸಂಬಳದಿಂದ?

ಸಂಜೆಯ 640 ರೂಪಾಯಿಯ ಕೊರತೆಯನ್ನು ಮರುಮಾತಿಲ್ಲದೆ ಕ್ಯಾಷಿಯರ್ ಸಂಬಳದಿಂದ ಕಡಿತ ಮಾಡುವ ಪದ್ಧತಿ ಅನೇಕ ಕಡೆ ರೂಢಿಯಲ್ಲಿದೆ. ಕಾನೂನು ಇದಕ್ಕೆ ಒಪ್ಪುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ, 2019ರ ಪ್ರಕಾರ, ನೌಕರನು ಲೆಕ್ಕ ಕೊಡಬೇಕಾದ ಹಣದಲ್ಲಿ ನಷ್ಟವಾದಾಗ ಅದು ನೇರವಾಗಿ ಆತನ ನಿರ್ಲಕ್ಷ್ಯ ಅಥವಾ ತಪ್ಪಿನಿಂದ ಆಗಿದ್ದರೆ ಮಾತ್ರ ಕಡಿತಕ್ಕೆ ಅವಕಾಶ. ಅದಕ್ಕೂ ಮುನ್ನ ಆತನಿಗೆ ಕಾರಣ ಹೇಳುವ ಅವಕಾಶ ಕೊಡಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲಿಯೂ ಇದೇ ತತ್ವವಿತ್ತು. ಕಾಗದ ತಂದಿಡುವುದು ಅಂಗಡಿಯ ವ್ಯವಸ್ಥೆಯ ಹೊಣೆ. 8.52ಕ್ಕೆ ಬಂದ ಎಚ್ಚರಿಕೆಗೆ 9.04ರವರೆಗೆ ಸೂಪರ್‌ವೈಸರ್ ಸ್ಪಂದಿಸಲಿಲ್ಲವೆಂದು ದಾಖಲೆಯೇ ಹೇಳುವಾಗ ಹನ್ನೆರಡು ಸಾವಿರದ ಸಂಬಳದ ಹುಡುಗನನ್ನು ಹೊಣೆ ಮಾಡುವುದು ನ್ಯಾಯವೂ ಅಲ್ಲ, ಲೆಕ್ಕಕ್ಕೂ ಸರಿಹೋಗುವುದಿಲ್ಲ. ಅದೇ ದಾಖಲೆಯು, ಪ್ರಿಂಟರ್ ಕೆಟ್ಟಿತ್ತು ಎಂಬ ನಿತ್ಯದ ನೆಪವನ್ನೂ ಅಷ್ಟೇ ನಿರ್ದಾಕ್ಷಿಣ್ಯವಾಗಿ ತಳ್ಳಿಹಾಕುತ್ತದೆ ಎಂಬುದನ್ನು ಮರೆಯಬಾರದು. ಆದರೆ ಎಚ್ಚರಿಕೆಯ ಸಂದೇಶವೊಂದೇ ಹಣದ ವಿಷಯದಲ್ಲಿ ಸಾಕ್ಷ್ಯವಾಗದು. ಸುರುಳಿಯನ್ನು ಬೇಕೆಂದೇ ಹೊರತೆಗೆದರೂ ಅದೇ ಸಂದೇಶ ಬರುತ್ತದೆ. ಸಂದೇಶದ ವೇಳೆ, ಬಿಲ್ಲಿಂಗ್ ಪಟ್ಟಿ, ರದ್ದಾದ ಚೀಟಿ ಮೂರೂ ಹೊಂದಿಕೆಯಾಗಬೇಕು.

ರದ್ದುಪಡಿಸುವ ಕ್ರಮವೂ ಸ್ಪಷ್ಟವಾಗಿರಬೇಕು. ಎರಡು ಬಾರಿಯಾದ ಬಿಲ್ಲನ್ನು ಸಾಫ್ಟ್‌ವೇರಿನಿಂದ ಅಳಿಸಬಾರದು. ಅದೇ ದಿನ, ಕಾರಣ ಬರೆದು, ಕ್ಯಾಷಿಯರ್ ಅಲ್ಲದ ಇನ್ನೊಬ್ಬರ ಅನುಮತಿಯಿಂದ ರದ್ದುಪಡಿಸಬೇಕು. ಜಿಎಸ್‌ಟಿ ನಿಯಮ 46ರಂತೆ ಇನ್‌ವಾಯ್ಸ್‌ಗಳಿಗೆ ಒಂದು ಆರ್ಥಿಕ ವರ್ಷದಲ್ಲಿ ಪುನರಾವರ್ತನೆಯಾಗದ, 16 ಅಕ್ಷರಗಳನ್ನು ಮೀರದ ಅನುಕ್ರಮ ಸಂಖ್ಯೆ ಇರಬೇಕು. ಜಿಎಸ್‌ಟಿಆರ್-1ರ 13ನೆಯ ಕೋಷ್ಟಕದಲ್ಲಿ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ದಾಖಲೆಗಳನ್ನು ನೀಡಲಾಯಿತು, ಅವುಗಳಲ್ಲಿ ರದ್ದಾದವು ಎಷ್ಟು ಎಂದು ತೋರಿಸಬೇಕು. ನೋಂದಣಿಯಿಲ್ಲದ ಗ್ರಾಹಕನಿಗೆ, ಆತನು ಕೇಳದಿದ್ದಲ್ಲಿ, 200 ರೂಪಾಯಿಗಿಂತ ಕಡಿಮೆ ಮೌಲ್ಯದ ಮಾರಾಟಕ್ಕೆ ಪ್ರತ್ಯೇಕ ಇನ್‌ವಾಯ್ಸ್ ಕೊಡದೆ ದಿನಕ್ಕೊಂದು ಒಟ್ಟು ಇನ್‌ವಾಯ್ಸ್ ಮಾಡಲು ಸಾಮಾನ್ಯವಾಗಿ ಅವಕಾಶವಿದೆ. ಆದರೆ ಸಾಫ್ಟ್‌ವೇರ್ ಪ್ರತಿ ಚೀಟಿಗೂ ಸಂಖ್ಯೆ ಕೊಡುತ್ತಿರುವಾಗ ನಡುವೆ ಕಾಣೆಯಾದ ಸಂಖ್ಯೆಗಳು ಪರಿಶೀಲನೆಯಲ್ಲಿ ಪ್ರಶ್ನೆಗಳನ್ನೇ ಎಬ್ಬಿಸುತ್ತವೆ. 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಿಂದ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸುಗಳು ಹೋದುದನ್ನು ಬಲ್ಲವರಿಗೆ, ಬ್ಯಾಂಕ್ ಜಮೆಗೂ ಬಿಲ್ಲಿನ ಮೊತ್ತಕ್ಕೂ ಇರುವ ಪ್ರತಿ ವ್ಯತ್ಯಾಸಕ್ಕೆ ಲಿಖಿತ ಕಾರಣ ಕೈಯಲ್ಲಿರಬೇಕಾದ ಅಗತ್ಯವನ್ನು ವಿವರಿಸಬೇಕಿಲ್ಲ.

ಥರ್ಮಲ್ ಕಾಗದದ ಅಕ್ಷರಗಳು ಬಿಸಿಲಿಗೆ, ಒಲೆಯ ಶಾಖಕ್ಕೆ, ಪ್ಲಾಸ್ಟಿಕ್ ಚೀಲದೊಳಗಿನ ಸೆಖೆಗೆ ಬೇಗನೆ ಮಾಸುತ್ತವೆ. ರದ್ದಾದ ಚೀಟಿಗಳನ್ನು ತಂತಿಗೆ ಚುಚ್ಚಿಟ್ಟರೆ ಕೆಲವು ವರ್ಷಗಳಲ್ಲಿ ಉಳಿಯುವುದು ಬಿಳಿಯ ಕಾಗದ ಮಾತ್ರ. ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕೆಂದು ಸಿಜಿಎಸ್‌ಟಿ ಕಾಯ್ದೆಯ 36ನೆಯ ಕಲಮು ಹೇಳುತ್ತದೆ. 2025-26ನೆಯ ಸಾಲಿನ ವಾರ್ಷಿಕ ರಿಟರ್ನಿಗೆ 2026ರ ಡಿಸೆಂಬರ್ 31 ಕೊನೆಯ ದಿನವಾದರೆ ಆ ಸಾಲಿನ ದಾಖಲೆಗಳು 2032ರ ಡಿಸೆಂಬರ್ ಅಂತ್ಯದವರೆಗೆ ಓದಲು ಬರುವಂತಿರಬೇಕು. ರದ್ದಾದ ಚೀಟಿಯ ಛಾಯಾಚಿತ್ರವನ್ನು ಅಂದೇ ತೆಗೆದು, ಎಚ್ಚರಿಕೆಯ ಸಂದೇಶಗಳಿರುವ ಅದೇ ಅಂಚೆಪೆಟ್ಟಿಗೆಗೆ ಕಳುಹಿಸಿಟ್ಟರೆ ಎರಡೂ ಒಂದೇ ಕಡೆ ದಿನಾಂಕವಾರು ದೊರೆಯುತ್ತವೆ. ಆ ಅಂಚೆಪೆಟ್ಟಿಗೆಯು ಕೆಲಸ ಬಿಟ್ಟು ಹೋಗಬಹುದಾದ ಅಕೌಂಟೆಂಟರ ಸ್ವಂತ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲಿರಬೇಕು. ದೃಢೀಕರಣದ ಸಂದೇಶ ಬರುವ ಮೊಬೈಲ್ ಸಂಖ್ಯೆಯೂ ಸಂಸ್ಥೆಯದೇ ಆಗಿರಬೇಕು. ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಹೊಸ ಬಿಲ್ ಸರಣಿ ಆರಂಭಿಸುವಾಗ, ಹಿಂದಿನ ವರ್ಷದ ಸಂದೇಶಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸಿಕೊಂಡು, ಎಚ್ಚರಿಕೆ ಪಡೆಯುವವರ ಪಟ್ಟಿಯಲ್ಲಿ ಈಗ ಕೆಲಸದಲ್ಲಿಲ್ಲದವರ ಹೆಸರುಗಳನ್ನು ತೆಗೆದುಹಾಕಬಹುದು.